ಇಂಗ್ಲೆಂಡಿನ ಉಪ್ಪಿನ ಪುಡ್ಡಿಂಗು



ಪುಡ್ಡಿಂಗು ಎಂಬ ಮಾತನ್ನು ಕೇಳಿದೊಡನೆಯೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಸಿಹಿ. ಹಾಲು, ಮೊಟ್ಟೆ, ಸುಟ್ಟ ಸಕ್ಕರೆ ಇವುಗಳನ್ನು ಕೂಡಿಸಿ ಬೇಯಿಸಿ, ತಟ್ಟೆಯಲ್ಲಿ ಬೋರಲು ಹಾಕಿದರೆ ನಡುಗುತ್ತ ನಿಲ್ಲುವ ಆ ತಿಂಡಿಯನ್ನು ನಾವು ಬಲ್ಲೆವು. ಬಂಗಲೆಯ ಬಟ್ಲರುಗಳ ಕೈಯಡಿಗೆ ಅದು. ನಮ್ಮ ನಾಡಿನವರು ಹೆಚ್ಚಾಗಿ ಕಂಡ ಆಂಗ್ಲೇಯರು ಅಧಿಕಾರಿಗಳು, ದಳಪತಿಗಳು, ತೋಟದ ದೊರೆಗಳು. ಅವರ ಊಟದ ಮೇಜನ್ನು ನೋಡಿ ಅದೇ ಆಂಗ್ಲೇಯರ ಊಟವೆಂದು ತಿಳಿದೆವು. ಆದರೆ ಆ ದೇಶದಲ್ಲಿಯೂ ಉಳುವವರಿದ್ದರು, ಕಲ್ಲಿದ್ದಲ ಗಣಿಗೆ ಇಳಿಯುವವರಿದ್ದರು, ಹತ್ತಿಯ ಗಿರಣಿಯಲ್ಲಿ ನಿಂತು ದುಡಿಯುವ ಹೆಂಗಸರಿದ್ದರು. ಅವರ ಮನೆಯ ಪುಡ್ಡಿಂಗು ಸಿಹಿಯಲ್ಲ, ಉಪ್ಪಿನದು. ಹಿಟ್ಟಿನ ಹೊದಿಕೆಯೊಳಗೆ ಮಾಂಸವನ್ನೋ ಈರುಳ್ಳಿಯನ್ನೋ ತುಂಬಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ಬೇಯಿಸಿದ ಊಟ ಅದು. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ಗಂಟಿನ ಕಥೆಯನ್ನು.

ಮೊದಲೇ ಒಂದು ಮಾತು. ಈ ಅಡಿಗೆಯಲ್ಲಿ ಮಾಂಸವುಂಟು. ನಮ್ಮಲ್ಲಿ ಅನೇಕರು ಮುಟ್ಟದ ದನದ ಮಾಂಸವೂ ಉಂಟು. ಇದನ್ನು ಮಾಡಿ ಉಣ್ಣಿರೆಂದು ಹೇಳುವುದಕ್ಕಾಗಿ ನಾನು ಬಂದಿಲ್ಲ. ಒಬ್ಬರ ಎಲೆಗೆ ಬಡಿಸಿದ್ದು ಇನ್ನೊಬ್ಬರಿಗೆ ಒಗ್ಗದೆ ಹೋಗಬಹುದು. ಆದರೆ ತಿಳಿದುಕೊಳ್ಳುವುದಕ್ಕೆ ಮೈಲಿಗೆಯಿಲ್ಲ. ಒಂದು ಜನದ ಹಬ್ಬದ ಅಡಿಗೆಯನ್ನು ನೋಡಿದರೆ ಅವರು ಏನನ್ನು ಬಯಸುತ್ತಿದ್ದರೆಂಬುದು ತಿಳಿಯುವುದು. ನಿತ್ಯದ ಅಡಿಗೆಯನ್ನು ನೋಡಿದರೆ ಅವರು ಹೇಗೆ ಬದುಕಿದರೆಂಬುದು ತಿಳಿಯುವುದು.

ಪುಡ್ಡಿಂಗು ಎಂಬ ಪದಕ್ಕೆ ಮೊದಲು ಇದ್ದ ಅರ್ಥವೇ ಬೇರೆ. ಪ್ರಾಣಿಯ ಕರುಳಿನಲ್ಲಿಯೋ ಜಠರದ ಚೀಲದಲ್ಲಿಯೋ ಮಾಂಸದ ಚೂರು, ಕೊಬ್ಬು, ಧಾನ್ಯ ಇವುಗಳನ್ನು ತುಂಬಿ ಬೇಯಿಸಿದರೆ ಅದು ಪುಡ್ಡಿಂಗು. ರಕ್ತವನ್ನು ಸೇರಿಸಿ ಮಾಡುವ ಕರಿಯ ಪುಡ್ಡಿಂಗಿನಲ್ಲಿಯೂ ಸ್ಕಾಟ್‌ಲೆಂಡಿನ ಹ್ಯಾಗಿಸಿನಲ್ಲಿಯೂ ಆ ಹಳೆಯ ಅರ್ಥ ಇಂದಿಗೂ ಉಳಿದಿದೆ. ಆದರೆ ಕರುಳು ಬೇಕಾದರೆ ಪ್ರಾಣಿಯನ್ನು ಕೊಯ್ಯಬೇಕು. ವರುಷದಲ್ಲಿ ಯಾವಾಗಲೋ ಒಮ್ಮೆ ಕೊಯ್ಯುವ ಬಡವನಿಗೆ ಅದು ದಿನವೂ ದೊರೆಯುವ ಪಾತ್ರೆಯಲ್ಲ. ೧೭ನೆಯ ಶತಮಾನದಲ್ಲಿ ಕರುಳಿನ ಬದಲು ಬಟ್ಟೆಯನ್ನು ಉಪಯೋಗಿಸುವ ರೂಢಿ ಇಂಗ್ಲೆಂಡಿನಲ್ಲಿ ಹರಡಿತು. ಒಂದು ಚದರ ಬಟ್ಟೆ, ಒಂದು ದಾರ, ಒಂದು ಹಂಡೆ ನೀರು ಇಷ್ಟಿದ್ದರೆ ಯಾವ ದಿನವಾದರೂ ಪುಡ್ಡಿಂಗು ಮಾಡಬಹುದಾಯಿತು. ಪಾಕಶಾಸ್ತ್ರದಲ್ಲಿ ಇದು ಸಣ್ಣ ಬದಲಾವಣೆಯಂತೆ ಕಂಡರೂ ಸಂಸಾರದ ದೃಷ್ಟಿಯಿಂದ ದೊಡ್ಡದು. ಅದೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡನ್ನು ನೋಡಿ ಬರೆದ ಮಿಸ್ಸೋನ್ ಎಂಬ ಫ್ರೆಂಚ್ ಪ್ರವಾಸಿ, ಆ ದೇಶದ ಪುಡ್ಡಿಂಗನ್ನು ಬಾಯಿತುಂಬ ಹೊಗಳಿದ್ದಾನೆ. ಅನ್ಯರ ಅಡಿಗೆಯನ್ನು ಸುಲಭವಾಗಿ ಮೆಚ್ಚದ ಫ್ರೆಂಚರಿಂದ ಬಂದ ಹೊಗಳಿಕೆಯಾದ್ದರಿಂದ ಆಂಗ್ಲೇಯರು ಅದನ್ನು ಈಗಲೂ ಮರೆತಿಲ್ಲ.

ಈ ಅಡಿಗೆಯ ಜೀವವೆಲ್ಲವೂ ಸೂಯೆಟ್ ಎಂಬ ಒಂದು ವಸ್ತುವಿನಲ್ಲಿದೆ. ದನ ಅಥವಾ ಕುರಿಯ ಮೂತ್ರಪಿಂಡಗಳ ಸುತ್ತಲೂ ಸೊಂಟದ ಒಳಭಾಗದಲ್ಲಿಯೂ ಇರುವ ಗಟ್ಟಿಯಾದ ಬಿಳಿಯ ಕೊಬ್ಬೇ ಸೂಯೆಟ್. ಬೆರಳಿನಿಂದ ಒತ್ತಿದರೆ ಪುಡಿಯಾಗುವಷ್ಟು ಅದು ಒಣಗಟ್ಟಿ. ಬೆಣ್ಣೆ ನಮ್ಮ ಮೈಯ ಕಾವಿಗೆಲ್ಲ ಕರಗಿಬಿಡುವುದು. ಸೂಯೆಟ್ ಕರಗಬೇಕಾದರೆ ಸುಮಾರು ೪೫ರಿಂದ ೫೦ ಡಿಗ್ರಿ ಸೆಂಟಿಗ್ರೇಡಿನಷ್ಟು ಶಾಖ ಬೇಕು. ಗುಣವೆಲ್ಲ ಇಲ್ಲಿಯೇ ಇರುವುದು. ಸೂಯೆಟ್ಟನ್ನು ಸಣ್ಣಗೆ ಹೆರೆದು ಹಿಟ್ಟಿನಲ್ಲಿ ಬೆರೆಸಿದರೆ ಅದು ಬೆಣ್ಣೆಯಂತೆ ಹಿಟ್ಟಿಗೆ ಹತ್ತಿಕೊಂಡುಬಿಡದೆ ಹರಳು ಹರಳಾಗಿ ನಿಲ್ಲುವುದು. ಹಬೆ ತಾಗಿ ಹಿಟ್ಟು ಗಟ್ಟಿಗೊಳ್ಳುತ್ತಿರುವಾಗ ಈ ಹರಳುಗಳು ತಡವಾಗಿ ಕರಗಿ, ತಾವಿದ್ದ ಜಾಗದಲ್ಲಿ ಸಣ್ಣ ಸಣ್ಣ ಗೂಡುಗಳನ್ನು ಬಿಟ್ಟುಹೋಗುವುವು. ಆದುದರಿಂದಲೇ ಇಷ್ಟು ಕೊಬ್ಬಿದ್ದರೂ ಸರಿಯಾಗಿ ಬೆಂದ ಪುಡ್ಡಿಂಗಿನ ಹೊದಿಕೆ ಮೆತ್ತಗೆ, ಹಗುರವಾಗಿ, ಒಳಗೆಲ್ಲ ರಂಧ್ರಮಯವಾಗಿ ಇರುವುದು. ಕಟುಕನ ಅಂಗಡಿಯಲ್ಲಿ ಇದು ಅಗ್ಗದ ಪದಾರ್ಥವಾಗಿದ್ದಿತು. ಬೆಣ್ಣೆಯನ್ನು ಮಾರಿ ಹಣ ಮಾಡುವ ಬಡ ಒಕ್ಕಲಿಗನ ಮನೆಗೆ ಸೂಯೆಟ್ಟೇ ಬೆಣ್ಣೆ.

ಮಾಡುವ ಕ್ರಮ ಕಷ್ಟವಾದುದಲ್ಲ. ತೂಕದಲ್ಲಿ ಎರಡು ಭಾಗ ಗೋದಿಯ ಹಿಟ್ಟಿಗೆ ಒಂದು ಭಾಗ ಸೂಯೆಟ್. ಎಂದರೆ ಎಂಟು ಔನ್ಸು ಹಿಟ್ಟಿಗೆ ನಾಲ್ಕು ಔನ್ಸು. ಒಂದು ಚಿಟಿಕೆ ಉಪ್ಪು, ಹಿಟ್ಟು ಉಬ್ಬುವುದಕ್ಕೆ ಸ್ವಲ್ಪ ಬೇಕಿಂಗ್ ಪೌಡರ್. ಇದಕ್ಕೆ ತಣ್ಣೀರನ್ನೇ ಹಾಕಿ ಕಲಸಬೇಕು. ಬಿಸಿನೀರು ತಾಗಿದರೆ ಕೊಬ್ಬು ಮೊದಲೇ ಮೆತ್ತಗಾಗಿ ಕೆಲಸ ಕೆಡುವುದು. ನಾದಿ ನಾದಿ ಜಿಗುಟು ಬರಿಸಬಾರದು. ಕಲಸಿದ ಹಿಟ್ಟಿನಲ್ಲಿ ಕಾಲು ಭಾಗವನ್ನು ಮುಚ್ಚಳಕ್ಕೆಂದು ತೆಗೆದಿಟ್ಟು, ಉಳಿದುದನ್ನು ಲಟ್ಟಿಸಿ, ಪಿಂಗಾಣಿಯ ಬೋಗುಣಿಯ ಒಳಮೈಗೆ ಅಂಟುವಂತೆ ಹಾಸುವರು. ಅದರೊಳಗೆ ಹಸಿಯ ಮಾಂಸದ ತುಂಡು, ಮೂತ್ರಪಿಂಡದ ತುಂಡು, ಈರುಳ್ಳಿ, ಮೆಣಸು, ಉಪ್ಪು ತುಂಬಿ ಸ್ವಲ್ಪ ನೀರನ್ನೆರೆದು, ಹಿಟ್ಟಿನ ಮುಚ್ಚಳವನ್ನು ಒದ್ದೆಮಾಡಿ ಅಂಚನ್ನು ಒತ್ತಿ ಸೇರಿಸುವರು. ಮೇಲೆ ಬಟ್ಟೆಯನ್ನೋ ಕಾಗದವನ್ನೋ ಕಟ್ಟುವಾಗ ನಡುವೆ ಒಂದು ನೆರಿಗೆಯನ್ನು ಬಿಡಬೇಕು. ಒಳಗಿನ ಹಿಟ್ಟು ಉಬ್ಬಲು ಎಡೆ ಬೇಕಷ್ಟೆ. ಬೋಗುಣಿಯಿಲ್ಲದ ಹಿಂದಿನ ಕಾಲದಲ್ಲಿ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಅದರ ಮೇಲೆ ಒಣಹಿಟ್ಟನ್ನು ಉದುರಿಸಿ, ಅದರಲ್ಲಿಯೇ ಗಂಟು ಕಟ್ಟುತ್ತಿದ್ದರು. ಆ ಒಣಹಿಟ್ಟು ಬಿಸಿನೀರು ತಾಗಿದೊಡನೆಯೆ ಅಂಟಾಗಿ, ನೀರು ಒಳಕ್ಕೆ ಹೋಗದಂತೆ ತಡೆಯುವುದು.

ಬಳಿಕ ನಾಲ್ಕೈದು ಗಂಟೆಗಳ ಕಾಲ ಹಬೆ. ನೀರು ಇಂಗಿದಂತೆಲ್ಲ ಕುದಿಯುವ ನೀರನ್ನೇ ಹೊಯ್ಯಬೇಕು. ಕುದಿತ ನಿಂತರೆ ಹೊದಿಕೆ ಭಾರವಾಗಿ ಕೂತುಬಿಡುವುದು. ನಮ್ಮ ಕಡುಬನ್ನು ಬೇಯಿಸಿ ಬಲ್ಲವರಿಗೆ ಇದರ ಮರ್ಮವನ್ನು ಬೇರೆ ಹೇಳಬೇಕಾದುದಿಲ್ಲ. ಆದರೆ ಕಡುಬಿಗೆ ಸಾಕಾಗುವ ಹೊತ್ತು ಇದಕ್ಕೆ ಸಾಲದು. ಏಕೆಂದರೆ ಬಡವರು ಕೊಳ್ಳುತ್ತಿದ್ದುದು ದುಡಿದ ಪ್ರಾಣಿಯ ಕಾಲಿನ, ಹೆಗಲಿನ ಗಡಸು ಮಾಂಸ. ಸುಟ್ಟರೆ ಅದು ಚರ್ಮದಂತಾಗುವುದು. ಕುದಿನೀರಿನ ಶಾಖ ನೂರು ಡಿಗ್ರಿಯನ್ನು ಮೀರದು. ಆ ಮಿತವಾದ ಶಾಖದಲ್ಲಿ ಗಂಟೆಗಟ್ಟಲೆ ಇದ್ದರೆ ಗಡಸು ನರಗಳು ಕರಗಿ ಅಂಟುರಸವಾಗುವುವು. ಮುಚ್ಚಿದ ಹೊದಿಕೆಯೊಳಗಿಂದ ಒಂದು ತೊಟ್ಟೂ ಹೊರಗೆ ಹೋಗುವಂತಿಲ್ಲ. ಮಾಂಸ ಬಿಟ್ಟ ರಸವನ್ನೆಲ್ಲ ಹಿಟ್ಟು ಒಳಗಿನಿಂದ ಹೀರಿಕೊಂಡು ತಾನೂ ಮಾಂಸದ ರುಚಿಯನ್ನು ಪಡೆಯುವುದು. ಹೀಗೆ ಕಾಲು ಪೌಂಡು ಮಾಂಸದ ರುಚಿ ಒಂದು ಪೌಂಡು ಹಿಟ್ಟಿಗೆ ಹರಡಿತು. ಬಡವರ ಲೆಕ್ಕಾಚಾರವೆಲ್ಲ ಈ ಹರಡುವಿಕೆಯಲ್ಲಿದೆ.

ಹಾಗಾದರೆ ಸುಡುವುದನ್ನು ಬಿಟ್ಟು ಬೇಯಿಸುವುದನ್ನೇ ಏಕೆ ಹಿಡಿದರು? ಉತ್ತರ ಅಡಿಗೆಯ ಪುಸ್ತಕದಲ್ಲಿಲ್ಲ, ಒಲೆಯಲ್ಲಿದೆ. ದಕ್ಷಿಣ ಮತ್ತು ಮಧ್ಯ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಕೂಲಿಯವರ ಗುಡಿಸಲುಗಳಿಗೆ ರೊಟ್ಟಿ ಸುಡುವ ಓವನ್ ಇರುತ್ತಿದ್ದುದು ಅಪರೂಪ. ಸೌದೆ ದುಬಾರಿ, ಬಯಲುಗಳಿಗೆ ಬೇಲಿ ಬಿದ್ದಂತೆಲ್ಲ ಪುಳ್ಳೆಯನ್ನು ಆರಿಸುವುದಕ್ಕೂ ಜಾಗ ಕಡಮೆಯಾಯಿತು. ಇದ್ದುದು ಒಂದು ಬೆಂಕಿ, ಅದರ ಮೇಲೆ ತೂಗುವ ಒಂದು ಹಂಡೆ. ಫ್ಲೋರಾ ಥಾಂಪ್ಸನ್ ಎಂಬ ಲೇಖಕಿ ೧೯೩೯ರಲ್ಲಿ ಪ್ರಕಟಿಸಿದ 'ಲಾರ್ಕ್ ರೈಸ್' ಎಂಬ ಗ್ರಂಥದಲ್ಲಿ, ೧೮೮೦ರ ಸುಮಾರಿನ ಆಕ್ಸ್‌ಫರ್ಡ್ ಸೀಮೆಯ ಒಂದು ಹಳ್ಳಿಯ ಊಟವನ್ನು ವಿವರಿಸಿದ್ದಾಳೆ. ದಿನಕ್ಕೆ ಒಂದೇ ಬಿಸಿಯೂಟ. ಅದೂ ಗಂಡಸರು ಹೊಲದಿಂದ ಹಿಂದಿರುಗುವ ಸಂಜೆಯ ಹೊತ್ತಿಗೆ. ಒಂದೇ ಹಂಡೆಯಲ್ಲಿ ಒಂದು ತುಂಡು ಉಪ್ಪುಹಂದಿಯ ಮಾಂಸ, ಒಂದು ಬಲೆಚೀಲದಲ್ಲಿ ಕೋಸು, ಇನ್ನೊಂದರಲ್ಲಿ ಆಲೂಗೆಡ್ಡೆ, ಬಟ್ಟೆಯಲ್ಲಿ ಸುತ್ತಿದ ಪುಡ್ಡಿಂಗು. ನಾಲ್ಕು ಪದಾರ್ಥ, ಒಂದು ನೀರು, ಒಂದು ಉರಿ. ಮೊದಲು ಬಡಿಸುತ್ತಿದ್ದುದು ಮಾಂಸವನ್ನಲ್ಲ, ಪುಡ್ಡಿಂಗನ್ನು. ಹಸಿವಿನ ಮೊನೆ ಹಿಟ್ಟಿನಿಂದ ಮುರಿದ ಮೇಲೆ ಮಾಂಸ ಸ್ವಲ್ಪವೇ ಇದ್ದರೂ ಸಾಕಾಗುವುದು.

ಇದೇ ಉಪಾಯವನ್ನು ಯಾರ್ಕ್‌ಷೈರಿನವರೂ ಬೇರೆ ಬಗೆಯಾಗಿ ಬಲ್ಲವರು. ಅಲ್ಲಿ ಮೊಟ್ಟೆ, ಹಾಲು, ಹಿಟ್ಟುಗಳ ತೆಳುವಾದ ಸಂಪಣವನ್ನು ಬೆಂಕಿಯ ಮುಂದೆ ತಿರುಗುವ ಮಾಂಸದ ಕೆಳಗಿಟ್ಟು, ತೊಟ್ಟಿಕ್ಕುವ ಕೊಬ್ಬಿನಲ್ಲಿ ಅದನ್ನು ಉಬ್ಬಿಸುತ್ತಿದ್ದರು. ಹ್ಯಾನಾ ಗ್ಲಾಸ್ ಎಂಬಾಕೆ ೧೭೪೭ರಲ್ಲಿ ಅಚ್ಚುಹಾಕಿಸಿದ ಪ್ರಸಿದ್ಧ ಪಾಕಗ್ರಂಥದಲ್ಲಿ ಈ ಯಾರ್ಕ್‌ಷೈರ್ ಪುಡ್ಡಿಂಗಿನ ಕ್ರಮವಿದೆ. ಇದರಲ್ಲಿ ಸೂಯೆಟ್ ಇಲ್ಲ. ಆದರೂ ಮಾಂಸಕ್ಕೆ ಮೊದಲು ಇದನ್ನು ರಸದೊಡನೆ ಬಡಿಸುವ ರೂಢಿಯಲ್ಲಿ ಅದೇ ಜಾಣತನವಿದೆ. ಸಸೆಕ್ಸ್ ಸೀಮೆಯಲ್ಲಿ ಏನನ್ನೂ ತುಂಬದ ಬರಿಯ ಸೂಯೆಟ್ ಪುಡ್ಡಿಂಗನ್ನು ಬೇಯಿಸಿ, ಬಿಲ್ಲೆಗಳಾಗಿ ಕೊಯ್ದು, ಬೇಯುವ ಮಾಂಸದ ಕೆಳಗಿಟ್ಟು ಕೊಬ್ಬಿನ ತೊಟ್ಟನ್ನು ಕುಡಿಸುತ್ತಿದ್ದರು.

ಸಸೆಕ್ಸಿನವರಿಗೆ ಉಪ್ಪಿನ ಪುಡ್ಡಿಂಗಿನ ವಿಷಯದಲ್ಲಿ ವಿಶೇಷ ಖ್ಯಾತಿಯುಂಟು. ೧೮೬೧ರಲ್ಲಿ ಹೊರಬಂದ ಶ್ರೀಮತಿ ಬೀಟನ್ನಳ ಗೃಹಕೃತ್ಯದ ಗ್ರಂಥ ಇಂಗ್ಲೆಂಡಿನ ಮನೆಮನೆಯಲ್ಲಿಯೂ ಇದ್ದ ಪುಸ್ತಕ. ಮಾಂಸವೂ ಮೂತ್ರಪಿಂಡವೂ ಸೇರಿದ ಪುಡ್ಡಿಂಗಿನ ಕ್ರಮವನ್ನು ಕೊಡುವಾಗ, ಅದನ್ನು ಕಳುಹಿಸಿದವಳು ಸಸೆಕ್ಸಿನ ಒಬ್ಬ ಹೆಂಗಸೆಂದೂ ಆ ಸೀಮೆಯವರು ಇಂತಹ ಪುಡ್ಡಿಂಗುಗಳಿಗೆ ಹೆಸರಾದವರೆಂದೂ ಬೀಟನ್ ಬರೆದಿದ್ದಾಳೆ. ಅದಕ್ಕೆ ಮೊದಲು ಮಾಂಸದ ಪುಡ್ಡಿಂಗು ಇದ್ದಿತು. ಮೂತ್ರಪಿಂಡ ಸೇರಿ ಇಂದಿನ ರೂಪ ಬಂದುದು ೧೯ನೆಯ ಶತಮಾನದಲ್ಲಿ. ಹೆಸರಿಲ್ಲದ ಆ ಗೃಹಿಣಿಯ ಕೈಯಡಿಗೆ ಮುಂದೆ ದೇಶಕ್ಕೆಲ್ಲ ಗುರುತಾಯಿತು.

ಬೆಡ್‌ಫರ್ಡ್‌ಷೈರಿನ 'ಕ್ಲ್ಯಾಂಗರ್' ಎಂಬುದು ಇನ್ನೂ ಸ್ವಾರಸ್ಯವಾದುದು. ಸೂಯೆಟ್ ಹಿಟ್ಟನ್ನು ಅಗಲವಾಗಿ ಲಟ್ಟಿಸಿ, ಮಾಂಸದ ಚೂರು, ಈರುಳ್ಳಿ, ಆಲೂಗೆಡ್ಡೆ ಹರಡಿ, ಚಾಪೆಯಂತೆ ಸುತ್ತಿ, ಬಟ್ಟೆಯಲ್ಲಿ ಕಟ್ಟಿ ಬೇಯಿಸುವರು. ಕೆಲವರು ಒಂದು ತುದಿಗೆ ಮಾಂಸವನ್ನೂ ಇನ್ನೊಂದು ತುದಿಗೆ ಹಣ್ಣಿನ ಜಾಮನ್ನೂ ತುಂಬಿ, ನಡುವೆ ಹಿಟ್ಟಿನ ಅಡ್ಡಗೋಡೆಯಿಡುವರು. ಹೊಲಕ್ಕೆ ಹೋದ ಆಳು ಒಂದು ಕಡೆಯಿಂದ ಊಟವನ್ನು ಆರಂಭಿಸಿ ಇನ್ನೊಂದು ಕಡೆಯಲ್ಲಿ ಸಿಹಿಯೊಡನೆ ಮುಗಿಸುತ್ತಿದ್ದನು. ಎಲೆಯೂ ಬೇಡ, ತಟ್ಟೆಯೂ ಬೇಡ. ಆ ಸೀಮೆಯ ಹೆಂಗಸರು ಲ್ಯೂಟನ್ ಪಟ್ಟಣದ ಟೋಪಿಯ ವ್ಯಾಪಾರಕ್ಕಾಗಿ ಮನೆಯಲ್ಲಿ ಕೂತು ಗೋದಿಯ ಹುಲ್ಲನ್ನು ಹೆಣೆಯುತ್ತಿದ್ದರು. ಹೆಣೆಯುವ ಕೈಗೆ ಬಿಡುವಿಲ್ಲ. ಹೆಣೆದ ಗಜಕ್ಕೆ ಇಷ್ಟೆಂದು ಕಾಸು. ಕಟ್ಟಿ ಹಂಡೆಗೆ ಹಾಕಿದರೆ ಮತ್ತೆ ತಿರುಗಿ ನೋಡಬೇಕಾಗಿಲ್ಲದ ಅಡಿಗೆ ಇಂತಹ ಮನೆಗೆ ವರವೇ ಸರಿ. ಪಕ್ಕದ ಬಕಿಂಗ್‌ಹ್ಯಾಮ್‌ಷೈರಿನವರು ಉಪ್ಪುಹಂದಿಯ ಮಾಂಸ ತುಂಬಿದ ಇದೇ ಬಗೆಯ ಸುರುಳಿಯನ್ನು 'ಬೇಕನ್ ಬ್ಯಾಡ್ಜರ್' ಎಂದು ಕರೆಯುವರು. ಕಾರ್ನ್‌ವಾಲಿನ ಗಣಿಗಾರರ 'ಪ್ಯಾಸ್ಟಿ' ಇವಕ್ಕೆ ದೂರದ ನೆಂಟ: ಅದನ್ನು ಸುಡುವರು, ಬೇಯಿಸುವುದಿಲ್ಲ, ಊಟವನ್ನು ಹಿಟ್ಟಿನಲ್ಲಿ ಮಡಿಸಿ ಕೆಲಸಕ್ಕೆ ಒಯ್ಯುವ ಬುದ್ಧಿ ಮಾತ್ರ ಒಂದೇ. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಕೋಲಾರದ ಚಿನ್ನದ ಗಣಿಗಳನ್ನು ವಹಿಸಿಕೊಂಡ ಮೇಲೆ ನಮ್ಮ ಸೀಮೆಗೆ ಬಂದ ಕಾರ್ನ್‌ವಾಲಿನವರು ಈ ಪ್ಯಾಸ್ಟಿಯ ನಾಡಿನಿಂದಲೇ ಬಂದವರು.

ಉತ್ತರಕ್ಕೆ ಹೋದಂತೆ ಕಲ್ಲಿದ್ದಲು ಅಗ್ಗ, ಓವನ್‌ಗಳೂ ಹೆಚ್ಚು. ಆದರೂ ಗಂಟಿನ ಪುಡ್ಡಿಂಗು ಮಾಯವಾಗಲಿಲ್ಲ. ಹತ್ತಿಯ ಗಿರಣಿಗಳಿಗೆ ಹೆಸರಾದ ಓಲ್ಡಮ್ ಪಟ್ಟಣದಲ್ಲಿ 'ಚಿಂದಿಯ ಪುಡ್ಡಿಂಗು' ಎಂಬುದೊಂದುಂಟು. ಕೊಚ್ಚಿದ ಮಾಂಸ, ಈರುಳ್ಳಿ ಇವುಗಳನ್ನು ಸೂಯೆಟ್ ಹಿಟ್ಟಿನಲ್ಲಿ ಚೌಕವಾಗಿ ಮಡಿಸಿ ಹತ್ತಿಯ ಬಟ್ಟೆಯಲ್ಲಿ ಸುತ್ತಿ ಬೇಯಿಸುವರು. ಬಟ್ಟೆ ನೇಯುವ ಊರಿನಲ್ಲಿ ಅಡಿಗೆಯ ಪಾತ್ರೆಯೂ ಬಟ್ಟೆಯೇ! ಅದೇ ಲ್ಯಾಂಕಷೈರಿನಲ್ಲಿ, ಮೀನನ್ನೂ ಆಲೂಗೆಡ್ಡೆಯನ್ನೂ ಕರಿದು ಮಾರುವ ಬೀದಿಯ ಅಂಗಡಿಗಳಲ್ಲಿ, ಮಾಂಸದ ಪುಡ್ಡಿಂಗನ್ನು ಬೋಗುಣಿಯಿಂದ ಬೋರಲು ಹಾಕಿ ಕೊಡುವರು. ನುಣ್ಣಗೆ, ಬೆಳ್ಳಗೆ, ಗುಂಡಗೆ ಇರುವ ಅದಕ್ಕೆ 'ಕೂಸಿನ ತಲೆ' ಎಂದು ಹೆಸರು. ಕೇಳುವುದಕ್ಕೆ ಕ್ರೂರವಾದರೂ ಆ ಜನ ಅದನ್ನು ಹೇಳುವುದು ಅಕ್ಕರೆಯಿಂದ.

ಇನ್ನೂ ಉತ್ತರಕ್ಕೆ, ನಾರ್ಥಂಬರ್ಲೆಂಡ್ ಮತ್ತು ಡರಮ್ ಸೀಮೆಗಳ ಗಣಿಗಾರರು ಲೀಕ್ ಎಂಬ, ಈರುಳ್ಳಿಯ ಜಾತಿಯ ದಪ್ಪಕಾಂಡದ ತರಕಾರಿಯನ್ನು ತಮ್ಮ ಹಿತ್ತಿಲುಗಳಲ್ಲಿ ಮಗುವಿನಂತೆ ಸಾಕುತ್ತಿದ್ದರು. ಯಾರ ಲೀಕ್ ದೊಡ್ಡದೆಂದು ವರುಷ ವರುಷವೂ ಪಂದ್ಯ ನಡೆಯುವುದು. ಆ ಲೀಕನ್ನು ಸಣ್ಣಗೆ ಹೆಚ್ಚಿ, ಸೂಯೆಟ್ ಹಿಟ್ಟಿನಲ್ಲಿ ಸುತ್ತಿ ಬೇಯಿಸಿದರೆ ಲೀಕ್ ಪುಡ್ಡಿಂಗು. ಅಲ್ಲಿನವರಿಗೆ ಪ್ರಿಯವಾದ ಇನ್ನೊಂದು 'ಪೀಸ್ ಪುಡ್ಡಿಂಗು'. ಇದರಲ್ಲಿ ಹಿಟ್ಟೂ ಇಲ್ಲ, ಸೂಯೆಟ್ಟೂ ಇಲ್ಲ. ಹಳದಿಯ ಬಟಾಣಿಬೇಳೆಯನ್ನು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಹಂದಿಯ ಮಾಂಸ ಬೇಯುವ ನೀರಿನಲ್ಲಿಯೇ ಇಳಿಬಿಟ್ಟು ಬೇಯಿಸಿ, ಮಸೆದು ತಿನ್ನುವರು. ಮಾಂಸವನ್ನು ಮರೆತು ನೋಡಿದರೆ ನಮ್ಮ ಗಟ್ಟಿಯಾದ ತೊವ್ವೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಪೂರ್ವದ ನಾರ್ಫೊಕ್ ಸೀಮೆಯವರ ಅಭಿಮಾನವೇ ಬೇರೆ. ಅವರ ಹಿಟ್ಟಿನ ಉಂಡೆಗೆ ಸೂಯೆಟ್ ಸೇರಿಸಕೂಡದು. ರೊಟ್ಟಿಯ ಹುಳಿಹಿಟ್ಟನ್ನೇ ಉಂಡೆ ಮಾಡಿ ಇಪ್ಪತ್ತು ನಿಮಿಷ ಬೇಯಿಸಬೇಕು. ಅದು ನೀರಿನ ಮೇಲೆ ತೇಲುವುದರಿಂದ 'ಈಜುಗ' ಎಂದೂ, ಸೂಯೆಟ್ ಹಾಕಿದ ಉಂಡೆಯನ್ನು ಹಾಸ್ಯಕ್ಕೆ 'ಮುಳುಗ' ಎಂದೂ ಕರೆಯುವರು. ಅದನ್ನು ಚಾಕುವಿನಿಂದ ಕೊಯ್ದರೆ ಹಿಟ್ಟು ಒತ್ತಿಕೊಂಡು ಕೆಡುವುದೆಂದು ಎರಡು ಮುಳ್ಳುಚಮಚಗಳಿಂದ ಬಿಡಿಸಿ ತಿನ್ನಬೇಕು. ಸ್ಕಾಟ್‌ಲೆಂಡಿನಲ್ಲಿ ಗೋದಿಯ ಬದಲು ಓಟ್ಸ್ ಧಾನ್ಯ. ಓಟ್ಸ್ ನುಚ್ಚು, ಈರುಳ್ಳಿ, ಸೂಯೆಟ್ ಇವುಗಳನ್ನು ಕರುಳಿನಲ್ಲಿ ತುಂಬಿದರೆ ಅವರ ಬಿಳಿಯ ಪುಡ್ಡಿಂಗು. ಕುರಿಯ ಹೃದಯ, ಯಕೃತ್ತು, ಶ್ವಾಸಕೋಶಗಳನ್ನು ಕೊಚ್ಚಿ ಅದರೊಡನೆ ಜಠರದ ಚೀಲದಲ್ಲಿ ತುಂಬಿದರೆ ಹ್ಯಾಗಿಸ್. ಕವಿ ರಾಬರ್ಟ್ ಬರ್ನ್ಸ್ ೧೭೮೬ರಲ್ಲಿ ಈ ಹ್ಯಾಗಿಸನ್ನು ಕುರಿತು ಕವನ ಕಟ್ಟಿದನು. ಅವನು ಹುಟ್ಟಿದ ಜನವರಿ ೨೫ರಂದು ಪ್ರತಿ ವರುಷವೂ ಸ್ಕಾಟರು ಎಲ್ಲಿದ್ದರೂ ಹ್ಯಾಗಿಸನ್ನು ಮೇಜಿಗೆ ತಂದಿಟ್ಟು ಆ ಕವನವನ್ನು ಓದುವರು.

ಬಡವರ ಊಟ ನಗರದ ಸಿರಿವಂತರನ್ನು ಮುಟ್ಟದೆ ಇರಲಿಲ್ಲ. ಲಂಡನ್ನಿನ ಫ್ಲೀಟ್ ಬೀದಿಯಲ್ಲಿ 'ಚೆಷೈರ್ ಚೀಸ್' ಎಂಬ ಹಳೆಯ ಪಾನಗೃಹವೊಂದಿದೆ; ೧೬೬೬ರ ಬೆಂಕಿಯಲ್ಲಿ ಸುಟ್ಟು ಮರುವರುಷ ಮತ್ತೆ ಕಟ್ಟಿದುದು. ಚಳಿಗಾಲದಲ್ಲಿ ಅಲ್ಲಿ ಬಡಿಸುತ್ತಿದ್ದ ಹೆಬ್ಬೋಗುಣಿಯ ಪುಡ್ಡಿಂಗು ಐವತ್ತು ಪೌಂಡಿಗೂ ಮೇಲ್ಪಟ್ಟು ತೂಗುತ್ತಿದ್ದಿತೆಂದು ಹೇಳುವರು. ಅದರಲ್ಲಿ ಮಾಂಸ, ಮೂತ್ರಪಿಂಡ, ಅಣಬೆಗಳೊಡನೆ ಆಯಿಸ್ಟರ್ ಎಂಬ ಚಿಪ್ಪಿನ ಪ್ರಾಣಿಯನ್ನೂ ಹಾಕುತ್ತಿದ್ದರು. ಈಗ ಆಯಿಸ್ಟರ್ ಸಿರಿವಂತರ ತಿಂಡಿ. ೧೯ನೆಯ ಶತಮಾನದ ಮೊದಲ ಭಾಗದಲ್ಲಿ ಅದು ಬೀದಿಯಲ್ಲಿ ಮಾರುವ ಅಗ್ಗದ ಪದಾರ್ಥ. ಮಾಂಸ ಸಾಲದಿದ್ದರೆ ಆಯಿಸ್ಟರನ್ನು ಹಾಕಿ ತುಂಬಿಸುತ್ತಿದ್ದರು. ಬೆಲೆಯ ತಕ್ಕಡಿ ಹೇಗೆ ತಲೆಕೆಳಗಾಗುವುದೆಂಬುದಕ್ಕೆ ಇದೊಂದು ನಿದರ್ಶನ.

ಚಾರ್ಲ್ಸ್ ಡಿಕನ್ಸನು ೧೮೪೩–೪೪ರಲ್ಲಿ ಬರೆದ 'ಮಾರ್ಟಿನ್ ಚಜ಼ಲ್‌ವಿಟ್' ಕಾದಂಬರಿಯಲ್ಲಿ ರೂತ್ ಪಿಂಚ್ ಎಂಬ ಹುಡುಗಿ ತನ್ನಣ್ಣನಿಗಾಗಿ ಮೊತ್ತಮೊದಲ ಬಾರಿ ಮಾಂಸದ ಪುಡ್ಡಿಂಗನ್ನು ಮಾಡುವ ಪ್ರಸಂಗವಿದೆ. ಅದು ಓದುಗರ ಮನಸ್ಸನ್ನು ಎಷ್ಟು ಸೆಳೆಯಿತೆಂದರೆ, ಎಲೈಜ಼ಾ ಆ್ಯಕ್ಟನ್ ಎಂಬ ಗ್ರಂಥಕರ್ತ್ರಿ ೧೮೪೫ರ ತನ್ನ ಪಾಕಗ್ರಂಥದಲ್ಲಿ ಒಂದು ಪುಡ್ಡಿಂಗಿಗೆ ರೂತ್ ಪಿಂಚಳ ಹೆಸರನ್ನೇ ಇಟ್ಟಳು. ಕಾದಂಬರಿಯ ಪಾತ್ರದ ಹೆಸರು ಅಡಿಗೆಗೆ ಬರಬೇಕಾದರೆ ಆ ಅಡಿಗೆ ಜನರ ಬಾಳಿನಲ್ಲಿ ಎಷ್ಟು ಆಳವಾಗಿ ಬೇರುಬಿಟ್ಟಿರಬೇಕು!

ಇಷ್ಟನ್ನು ಕೇಳಿ, ಇದು ಬರಿಯ ಸುಖದ ಊಟವೆಂದು ತಿಳಿದರೆ ಅರ್ಧ ಮಾತ್ರ ತಿಳಿದಂತಾಯಿತು. ಗಂಟನ್ನು ಬಿಚ್ಚಿದ ಮೇಲೆ ಯಾರಿಗೆ ಏನು ದೊರೆಯಿತೆಂಬುದನ್ನೂ ನೋಡಬೇಕು. ೧೯೧೩ರಲ್ಲಿ ಮಾಡ್ ಪೆಂಬರ್ ರೀವ್ಸ್ ಎಂಬ ಮಹಿಳೆ, ಲಂಡನ್ನಿನ ಲ್ಯಾಂಬೆತ್ ಭಾಗದಲ್ಲಿ ವಾರಕ್ಕೆ ಸುಮಾರು ಒಂದು ಪೌಂಡು ಸಂಪಾದನೆಯ ಸಂಸಾರಗಳ ಖರ್ಚನ್ನು ಮನೆಮನೆಗೆ ಹೋಗಿ ಬರೆದುಕೊಂಡು ಒಂದು ಪುಸ್ತಕವನ್ನು ಪ್ರಕಟಿಸಿದಳು. ಅಲ್ಲಿ ಮಾಂಸವನ್ನು ಕೊಳ್ಳುತ್ತಿದ್ದುದು ಮುಖ್ಯವಾಗಿ ದುಡಿಯುವ ಗಂಡಸಿಗಾಗಿ. ಮಕ್ಕಳ ಪಾಲಿಗೆ ರೊಟ್ಟಿ, ಆಲೂಗೆಡ್ಡೆ, ರಸ, ಸೂಯೆಟ್ ಪುಡ್ಡಿಂಗು. ತಾಯಿಯ ಪಾಲಿಗೆ ಉಳಿದುದು. ಇದು ತಾಯಂದಿರ ಅಜ್ಞಾನದಿಂದಲ್ಲ, ಲೆಕ್ಕದಿಂದ ಆದ ಹಂಚಿಕೆ: ಗಂಡಸು ಸೋತರೆ ಸಂಬಳ ನಿಲ್ಲುವುದು, ಸಂಬಳ ನಿಂತರೆ ಎಲ್ಲರೂ ಉಪವಾಸ. ಮಾಂಸದ ರಸವನ್ನು ಹೀರಿದ ಹಿಟ್ಟಿನ ಹೊದಿಕೆ ಆ ಮಕ್ಕಳಿಗೆ ಮಾಂಸದ ಪ್ರತಿನಿಧಿ. ಕೊಬ್ಬು ಅದೇ ತೂಕದ ಹಿಟ್ಟಿಗಿಂತ ಎರಡರಷ್ಟಕ್ಕೂ ಹೆಚ್ಚು ಕಾವನ್ನು ಕೊಡುವುದರಿಂದ, ಬೆಂಕಿಯಿಲ್ಲದ ಕೋಣೆಯಲ್ಲಿ ಮಲಗುವ ಮಕ್ಕಳಿಗೆ ಅದು ಊಟವೂ ಹೌದು, ಕಂಬಳಿಯೂ ಹೌದು. ಬೆಳೆದು ದೊಡ್ಡವರಾದ ಮೇಲೆ ಅವರು ನೆನೆದು ಹಿಗ್ಗುವ 'ಅಮ್ಮನ ಕೈಯ ಪುಡ್ಡಿಂಗಿ'ನ ಹಿಂದೆ, ತಾನು ಉಣ್ಣದೆ ಬಡಿಸಿದ ಅಮ್ಮನೊಬ್ಬಳಿದ್ದಾಳೆ.

ಈ ನಡುವೆ ಒಂದು ಅನುಕೂಲ ಒದಗಿತು. ಸೂಯೆಟ್ಟನ್ನು ಪೊರೆಯಿಂದ ಬಿಡಿಸಿ ಹೆರೆಯುವುದು ಬೇಸರದ ಕೆಲಸ. ಮ್ಯಾಂಚೆಸ್ಟರಿನಲ್ಲಿ ನೆಲಸಿದ್ದ ಗೇಬ್ರಿಯಲ್ ಹ್ಯೂಗಾನ್ ಎಂಬ ಫ್ರೆಂಚನು ೧೮೯೩ರಲ್ಲಿ, ಹೆರೆದು ಹಿಟ್ಟು ಹೊರಳಿಸಿ ಸಿದ್ಧಮಾಡಿದ ಸೂಯೆಟ್ಟನ್ನು 'ಅಟೋರ' ಎಂಬ ಹೆಸರಿನಲ್ಲಿ ಮಾರತೊಡಗಿದನು. ಎರಡನೆಯ ಮಹಾಯುದ್ಧದಲ್ಲಿ ಈ ಅಡಿಗೆಗೆ ಮತ್ತೊಂದು ಪರೀಕ್ಷೆ ಬಂದಿತು. ೧೯೪೦ರ ಮಾರ್ಚಿಯಲ್ಲಿ ಮಾಂಸಕ್ಕೆ ಪಡಿತರದ ಕಟ್ಟು ಬಿದ್ದಿತು. ಅದನ್ನು ಅಳೆದದ್ದು ತೂಕದಿಂದಲ್ಲ, ಬೆಲೆಯಿಂದ. ಅದೇ ವರುಷದ ಬೇಸಗೆಯಲ್ಲಿ ಅಡಿಗೆಯ ಕೊಬ್ಬಿಗೂ ಕಟ್ಟು ಬಂದಿತು. ಜೂನಿನಿಂದ ಬಿ.ಬಿ.ಸಿ. ಬಾನುಲಿಯವರು ಬೆಳಗಿನ ಎಂಟೂಕಾಲು ಗಂಟೆಗೆ 'ಅಡಿಗೆಮನೆಯ ರಣರಂಗ' ಎಂಬರ್ಥದ ಐದು ನಿಮಿಷಗಳ ಭಾಷಣವನ್ನು ಆರಂಭಿಸಿದರು. ಇದ್ದುದರಲ್ಲಿ ಹೇಗೆ ಉಣ್ಣಬೇಕೆಂಬುದನ್ನು ಗೃಹಿಣಿಯರಿಗೆ ತಿಳಿಸುವುದೇ ಅದರ ಕೆಲಸ. ಹಿಟ್ಟಿನ ಒಂದು ಭಾಗಕ್ಕೆ ಬದಲು ಹೆರೆದ ಆಲೂಗೆಡ್ಡೆಯನ್ನು ಸೇರಿಸಿ ಪುಡ್ಡಿಂಗು ಮಾಡುವ ಕ್ರಮ ಆಗ ಮನೆಮನೆಗೂ ಬಂದಿತು. ಬಾಂಬು ಬೀಳುತ್ತಿದ್ದ ಪಟ್ಟಣಗಳಲ್ಲಿ ಹಳೆಯ ಬಡವರ ವಿದ್ಯೆ ಇಡೀ ದೇಶದ ವಿದ್ಯೆಯಾಯಿತು. ಮಾಂಸದ ಮೇಲಣ ಕಟ್ಟು ತೆಗೆದದ್ದು ೧೯೫೪ರ ಜುಲೈ ೪ರಂದು. ಯುದ್ಧ ಮುಗಿದು ಒಂಬತ್ತು ವರುಷಗಳಾದ ಮೇಲೆ.

ಆಮೇಲೆ ಕಾಲ ಬದಲಾಯಿತು. ಮನೆಗಳೆಲ್ಲ ಬೆಚ್ಚಗಾದುವು, ಮೈಮುರಿದು ದುಡಿಯುವ ಕೆಲಸ ಕಡಮೆಯಾಯಿತು, ಕೊಬ್ಬು ಹೃದಯಕ್ಕೆ ಕೇಡೆಂಬ ವೈದ್ಯರ ಎಚ್ಚರಿಕೆ ಹರಡಿತು, ಐದು ಗಂಟೆ ಕುದಿಯುವ ಪಾತ್ರೆಯನ್ನು ಕಾಯುವವರು ಮನೆಯಲ್ಲಿ ಇಲ್ಲವಾದರು. ಅನೇಕ ಮನೆಗಳಲ್ಲಿ ಸೂಯೆಟ್ ಕ್ರಿಸ್‌ಮಸ್ಸಿನ ಸಿಹಿ ಪುಡ್ಡಿಂಗಿಗೆ ಮಾತ್ರ ಉಳಿಯಿತು. ಆದರೆ ೧೯೯೪ರಲ್ಲಿ ಫರ್ಗಸ್ ಹೆಂಡರ್ಸನ್ ಮೊದಲಾದವರು ಲಂಡನ್ನಿನಲ್ಲಿ ಸೇಂಟ್ ಜಾನ್ ಎಂಬ ಭೋಜನಗೃಹವನ್ನು ತೆರೆದು, ಪ್ರಾಣಿಯ ಯಾವ ಭಾಗವನ್ನೂ ಬಿಸುಡಬಾರದೆಂಬ ಹಳೆಯ ನೀತಿಯನ್ನು ಮತ್ತೆ ಹಿಡಿದರು. ಸೂಯೆಟ್ಟಿಗೆ ಮತ್ತೆ ಗೌರವ ಬಂದಿತು. ತಾಳೆಯೆಣ್ಣೆ ಮೊದಲಾದುವುಗಳಿಂದ ಮಾಡಿದ ಸಸ್ಯದ ಸೂಯೆಟ್ಟೂ ಅಂಗಡಿಗಳಲ್ಲಿ ದೊರೆಯುವುದರಿಂದ, ಲೀಕನ್ನೋ ಅಣಬೆಯನ್ನೋ ತುಂಬಿ ಸಸ್ಯಾಹಾರಿಗಳೂ ಇದನ್ನು ಮಾಡಿಕೊಳ್ಳಬಹುದು.

ಉಣ್ಣುವುದಕ್ಕೂ ಒಂದು ಕ್ರಮವುಂಟು. ತಟ್ಟೆ ಬಿಸಿಯಾಗಿರಬೇಕು, ಪಕ್ಕದಲ್ಲಿ ಬೆಂದ ಕೋಸು, ಆಲೂಗೆಡ್ಡೆ, ಸ್ವಲ್ಪ ಸಾಸಿವೆಯ ಗೊಜ್ಜು. ಚಾಕು ಇಳಿದೊಡನೆಯೆ ಒಳಗೆ ನಾಲ್ಕೈದು ಗಂಟೆ ಸೆರೆಯಾಗಿದ್ದ ಹಬೆ ಮುಖಕ್ಕೆ ಬಡಿಯುವುದು, ಕಪ್ಪಾದ ರಸ ಹರಿದುಬರುವುದು. ತಡಮಾಡದೆ ಉಣ್ಣಬೇಕು. ಆರಿದರೆ ಆ ಗಟ್ಟಿ ಕೊಬ್ಬು ಮತ್ತೆ ಹೆಪ್ಪುಗಟ್ಟಿ ಅಂಗುಳಿಗೆ ಮೇಣದಂತೆ ಅಂಟುವುದು. ಹಗುರವಾಗಿಸಿದ ಗುಣವೇ ತಡವಾದರೆ ದೋಷವಾಗುವುದು. ಆದುದರಿಂದ ಈ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂಡಬೇಕು. ಗಂಟನ್ನು ಬಿಚ್ಚುವ ಗಳಿಗೆಗೆ ಮನೆಯವರೆಲ್ಲರೂ ಹಾಜರಿರಬೇಕು. ಅದರ ಸುಖದಲ್ಲಿ ಅರ್ಧ ಪಾಲು ಈ ಕೂಡುವಿಕೆಯದೇ.

ಆಂಗ್ಲೇಯರ ಅಡಿಗೆ ಸಪ್ಪೆ, ಒರಟು ಎಂದು ಅವರ ನೆರೆಹೊರೆಯವರೂ ನಾವೂ ಹಾಸ್ಯ ಮಾಡುವುದುಂಟು. ಅರಸರ ಅಡಿಗೆಯ ಅಳತೆಗೋಲಿನಿಂದ ಅಳೆದರೆ ಈ ಪುಡ್ಡಿಂಗು ಒರಟೇ ಸರಿ. ಆದರೆ ಒಂದು ಬೆಂಕಿ, ಒಂದು ಹಂಡೆ, ಒಂದು ತುಂಡು ಬಟ್ಟೆ, ಯಾರೂ ಬೇಡವೆಂದ ಕೊಬ್ಬು ಇವುಗಳಿಂದ ಎಂಟು ಮಂದಿಯ ಹೊಟ್ಟೆಯನ್ನು ತುಂಬಿಸಿ, ಅವರು ಮುದುಕರಾದ ಮೇಲೂ ಅದನ್ನು ನೆನೆಯುವಂತೆ ಮಾಡಬೇಕೆಂದರೆ ಅರಸರ ಬಾಣಸಿಗನಿಂದ ಆಗುವ ಕೆಲಸವೆ? ಮುದ್ದೆಯನ್ನು ಕಟ್ಟಿ, ಇದ್ದಷ್ಟು ಸಾರನ್ನು ಎಲ್ಲರ ತಟ್ಟೆಗೂ ಹಂಚಿ, ಕೊನೆಗೆ ತಳದಲ್ಲಿ ಉಳಿದುದನ್ನು ತಾನು ಬಳಿದುಕೊಂಡ ತಾಯಿಯನ್ನು ನೋಡಿದವರು ನಮ್ಮಲ್ಲಿ ಕಡಮೆಯಿಲ್ಲ. ಸಸೆಕ್ಸಿನ ಆ ಹೆಸರಿಲ್ಲದ ಹೆಂಗಸು ಅವರಿಗೆ ಅಪರಿಚಿತಳಾಗಲಾರಳು.